ಎಂಜಿನ್ ಆಯಿಲಿಗೆ ನನ್ನ ಕಣ್ಣೀರಿಲ್ಲ

ಮಾರ್ಚ್ ೧೪, ಗುರುವಾರ

ಇವತ್ತು ಮನೆಗೆ ಬಂದಿದ್ದ ಜಾಹೀರಾತಿನವನ ಮಾತು ಇನ್ನೂ ಕಿವಿ ಕೊರೆಯುತ್ತಿದೆ.

"ಟೀಮ್ ಕೊಡೋ ಸಂಬಳ ನಿಮ್ಮ ಮಗಳ ಮನೆ ಬಾಡಿಗೆಗೆ ಸರಿಹೋಗುತ್ತೆ ಸಾರ್. ರೇಸ್ ಕಾರು ಓಡಿಸೋರು ನಾಲ್ಕು ಕಾಸು ನೋಡೋದು ಇಂಥ ಜಾಹೀರಾತಲ್ಲೇ," ಎಂದ. ಅವನ ಲೆಕ್ಕದಲ್ಲಿ ಎಂಜಿನ್ ಆಯಿಲ್ ಡಬ್ಬ ಮಗಳ ಕೈಗೆ, ತೀರಿಕೊಂಡ ನನ್ನ ಹೆಂಡತಿಯ ಫೋಟೊ ನನ್ನ ಕೈಗೆ. "ಮಗಳು ಗೆಲ್ಲಬೇಕು ಅನ್ನೋದೇ ಇವಳಮ್ಮನ ಕೊನೇ ಆಸೆ ಅಂತ ಹೇಳಿ, ಸ್ವಲ್ಪ ಅತ್ತುಬಿಡಿ."

ಕೊನೇ ಆಸೆಯಂತೆ! ಅವಳು ಒಂದು ರೇಸನ್ನೂ ನೆಟ್ಟಗೆ ನೋಡಿದವಳಲ್ಲ. ಟಿವಿಯಲ್ಲಿ ಮಗಳ ಕಾರು ತಿರುವಿಗೆ ಬಂದರೆ ಸಾಕು, ಬಚ್ಚಲಿಗೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು. ಆಸ್ಪತ್ರೆಯಲ್ಲಿ ಮಲಗಿಕೊಂಡೇ, "ಆ ಹಾಳು ಕಾರು ಬಿಡೇ," ಎಂದು ಬೈದಳು. ಆ ಸಿಟ್ಟು ಅವಳದು. ಅದನ್ನು ಸುಳ್ಳು ಮಾಡಿ ಡಬ್ಬ ಮಾರಲು ನಾನ್ಯಾರು?

"ಐ ರೆಫ್ಯೂಸ್, ಇನ್ ಟೋಟಲ್," ಎಂದೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಹೀಗಿರಲಿಲ್ಲವೇನೋ. ಇರಲಿ, ನಾನು ಪೂರ್ತಿ ಒಲ್ಲೆ ಅಂದದ್ದು ಅವನಿಗೆ ಅರ್ಥವಾಯಿತು.

ಮಗಳ ಮುಖ ನೋಡಲು ಧೈರ್ಯ ಬರಲಿಲ್ಲ. ಮುಂದಿನ ವರ್ಷ ಟೀಮ್ ಅವಳಿಗೆ ಓಡಿಸಲು ಕಾರು ಕೊಡುವುದು ಅವಳು ತರುವ ಈ ದುಡ್ಡಿನ ಮೇಲೇ ನಿಂತಿತ್ತು. ಅವಳೋ ಬಾಗಿಲು ತೆರೆದು ನಿಂತಿದ್ದಳು. "ಅಮ್ಮ ಬೈದಿದ್ದನ್ನ ಹಾಗೇ ಜಾಹೀರಾತಲ್ಲಿ ಹಾಕೋದಾದ್ರೆ ಬನ್ನಿ ಸಾರ್, ನಾನೇ ಹೇಳ್ತೀನಿ. ಇಲ್ಲಾಂದ್ರೆ ಹೊರಡಿ."

ಬೇರೆ ಕಂಪನಿಯವರು ಬಂದರೆ ಅವರಿಗೂ ಇದೇ ಉತ್ತರ. ಯಾರೂ ಬರದೇ ಹೋದರೂ ಇದೇ. ಕಾರು ಸಿಗದಿದ್ದರೆ ಆಗ ಅವಳಮ್ಮನ ನಿಜವಾದ ಕೊನೇ ಆಸೆಯೇ ನಡೆದಂತೆ.