ಮಿಲ್ಲಿನ ಜಾಗಕ್ಕೆ ಹಳದಿ ಬಣ್ಣ

ಬೆಂಗಳೂರು
12-6-1996

ಅಕ್ಕನಿಗೆ ನಮಸ್ಕಾರ.

ಹೊಸಕೋಟೆಯ ನೂಲಿನ ಮಿಲ್ಲು ಮತ್ತೆ ತೆರೆಯುತ್ತೆ ಅಂತ ನೀವೆಲ್ಲ ಎರಡು ವರ್ಷದಿಂದ ಮಿಲ್ಲಿನವರು ಕೊಟ್ಟ ಲೈನ್ ಮನೆಗಳಲ್ಲೇ ಕಾದಿದ್ದೀರಿ. ಅದು ತೆರೆಯೋದಿಲ್ಲ. ಆ ಜಾಗವನ್ನು ಮನೆ ಸೈಟು ಮಾಡೋ ನಕ್ಷೆ ನಮ್ಮ ನಗರ ಯೋಜನೆ ಆಫೀಸಿನಲ್ಲಿ ತಯಾರಾಗಿದೆ. ನಿಮ್ಮ ಮನೆಗಳನ್ನೂ ಒಡೀತಾರೆ.

"ಮಿಲ್ಲಿಗಿಂತ ಸೈಟಿಗೆ ಬೆಲೆ ಜಾಸ್ತಿ ಕಣ್ರೀ, ಈಗ ಸರ್ಕಾರದ ನೀತಿಯೂ ಅದೇ," ಅಂದರು ಸಾಹೇಬರು. ನಕ್ಷೆಯಲ್ಲಿ ಕಾರ್ಖಾನೆಯ ನೇರಳೆ ತೆಗೆದು ಸೈಟಿನ ಹಳದಿ ಬಣ್ಣ ತುಂಬಿದವನು ನಾನೇ.

ಈ ನಕ್ಷೆಗೆ ಆಕ್ಷೇಪಣೆ ಸಲ್ಲಿಸೋಕೆ ಸೋಮವಾರವೇ ಕೊನೆ ದಿನ. ಪ್ರಕಟಣೆ ಬಂದಿದ್ದು ನಿಮ್ಮಲ್ಲಿ ಯಾರೂ ಓದದ ಇಂಗ್ಲಿಷ್ ಪೇಪರಿನಲ್ಲಿ. ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ ಅರ್ಜಿಯನ್ನು ಸೋಮವಾರ ನೀನೇ ನಮ್ಮ ಆಫೀಸಿಗೆ ತಂದುಕೊಡು, ಅಂಚೆಗೆ ಹಾಕಬೇಡ. ಬಂದಾಗ ನನ್ನನ್ನು ತಮ್ಮ ಅನ್ನಬೇಡ, ಊಟ ಆಯ್ತಾ ಅಂತಲೂ ಕೇಳಬೇಡ. ಅರ್ಜಿ ತಗೊಳ್ಳೋ ಮೇಜಿನಲ್ಲಿ ಆವತ್ತು ನಾನೇ ಕೂತಿರ್ತೀನಿ, ಹಿಂದೆ ಸಾಹೇಬರು ನಿಂತಿರ್ತಾರೆ. ನಾನು "ಇಟ್ಟು ಹೋಗಮ್ಮ" ಅಂದರೂ, ಗದರಿಸಿದರೂ, ಮೊಹರು ಹಾಕಿದ ಸ್ವೀಕೃತಿ ಚೀಟಿ ಕೈಗೆ ಬರೋವರೆಗೂ ಅಲ್ಲಿಂದ ಕದಲಬೇಡ.

ನಿನ್ನ ತಮ್ಮ
ಮುನಿಕೃಷ್ಣ