ಗಗನ ಬೈಕಿನ ಕೀ ಕಿತ್ತುಕೊಂಡಿದ್ದು

ಹೊಳಲು
9 ಫೆಬ್ರವರಿ 2025, ಭಾನುವಾರ

ಮೈಸೂರಿನಲ್ಲಿರುವ ಅವ್ವನಿಗೆ ಮಗಳು ಮಂಜುಶ್ರೀಯ ನಮಸ್ಕಾರ.

ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರಿಗೂ ಜಗಳವೇ ಆಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ಮಗ ಗಗನನ ವಿಷಯ. ಹೆದರಬೇಡ, ಈ ಸಲ ಒಳ್ಳೆಯ ಸುದ್ದಿ.

ಅಪ್ಪ ಮಳವಳ್ಳಿಯಲ್ಲಿ ಬೇರೆ ಸಂಸಾರ ಹೂಡಿದ ಮೇಲೆ ನೀನೂ ಹೊರಟುಹೋದೆ. ನಾನು ಗೆಜ್ಜಲಗೆರೆಯ ಗಾರ್ಮೆಂಟ್ಸಿಗೆ, ಅಜ್ಜಿ ಕಂಡವರ ಗದ್ದೆಗೆ. ಗಗನ ಕಾಲೇಜಿನಿಂದ ಬಂದರೆ ಮನೆಗೆ ಬೀಗ. ಬೈಕಿನ ಹುಡುಗರ ಜೊತೆ ಸೇರಿದ. ಉಂಡೆಯಾ ಅಂತ ಕೇಳುತ್ತಿದ್ದವರು ಅವರೇ. ಹೋದ ವರ್ಷ ಮಂಡ್ಯದಲ್ಲಿ ರಘುನಂದನ್ ಅನ್ನುವ ಹುಡುಗನ ತಲೆಗೆ ದೊಣ್ಣೆಯಲ್ಲಿ ಹೊಡೆದು ಬಾಲಮಂದಿರ ಸೇರಿದ್ದು ನಿನಗೆ ಗೊತ್ತು. ನಿನ್ನನ್ನೂ ಅಪ್ಪನನ್ನೂ ದೂರಿ ಅವನನ್ನು ಬಚಾವು ಮಾಡಲು ನನಗೆ ಮನಸ್ಸಿಲ್ಲ. ನಾನೂ ಅದೇ ಮನೆಯಲ್ಲಿ ಬೆಳೆದವಳು. ಹೊಡೆದ ಕೈ ಅವನದು. ಅದನ್ನು ಹಿಡಿದು ತಡೆಯುವವರು ಯಾರೂ ಇರಲಿಲ್ಲ ಅನ್ನುವುದೂ ಸುಳ್ಳಲ್ಲ.

ಬಿಡುಗಡೆಯಾದ ಮೇಲೆ ಅವನನ್ನು ಮದ್ದೂರಿಗೆ, ರಘುನಂದನ್ ಮನೆಗೆ ಕರೆದುಕೊಂಡು ಹೋದೆ. ಆ ಹುಡುಗನಿಗೆ ಈಗ ಒಂದು ಕಿವಿ ಕೇಳುವುದಿಲ್ಲ. ಅವನ ತಾಯಿ ಸೋಮಮ್ಮ ನಮ್ಮನ್ನು ಬೈಯಲಿಲ್ಲ. ಮಗನ ಕೇಳುವ ಕಿವಿಯ ಪಕ್ಕ ಕೂತು, ಗಗನ ತಪ್ಪಾಯ್ತು ಅಂದದ್ದನ್ನು ಮತ್ತೊಮ್ಮೆ ಜೋರಾಗಿ ಹೇಳಿದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಗಗನ ಅತ್ತ.

ಮೊನ್ನೆ ಶುಕ್ರವಾರ ಸಂಜೆ ಅದೇ ಹಳೇ ಗೆಳೆಯರು, ಒಂದೇ ಬೈಕಿನಲ್ಲಿ ಮೂವರು, ಮನೆ ಮುಂದೆ ಬಂದು ನಿಂತರು. ಯಾರನ್ನೋ ಹೊಡೆಯುವುದಿದೆಯಂತೆ, ಇವನೂ ಬರಬೇಕಂತೆ. ಒಬ್ಬನ ಚೀಲದಲ್ಲಿ ಲಾಂಗು ಇತ್ತು, ಹಿಡಿ ಕಾಣುತ್ತಿತ್ತು. ಗಗನ ಹೋಗಿ ಬೈಕಿನ ಕೀ ಕಿತ್ತು ಜೇಬಿಗೆ ಹಾಕಿಕೊಂಡ.

“ನಾ ಬರಾಕಿಲ್ಲ ಕಣ್ಲಾ. ನೀವೂ ಓಗ್ಬೇಡಿ. ಏಟು ತಿಂದೋನ ಅವ್ವ ಎಂಗ್ ಕೂತಿರ್ತಾಳೆ ಅಂತ ನಾನ್ ನೋಡಿವ್ನಿ” ಅಂದ.

ಅವ್ವ, ಅವನ ತುಟಿ ಒಡೆಯುವ ಹಾಗೆ ಮೂವರೂ ಹೊಡೆದರು. ಇವನು ಕೈ ಎತ್ತಲಿಲ್ಲ, ಕೀಯನ್ನೂ ಕೊಡಲಿಲ್ಲ. ಅಜ್ಜಿ ಕೂಗಿಕೊಂಡಳು, ಬೀದಿಯವರೆಲ್ಲ ಸೇರಿದರು, ಮೂವರೂ ಬೈಕು ಬಿಟ್ಟು ಓಡಿದರು. ಆಮೇಲೆ ಗಗನ ತಾನೇ ಠಾಣೆಗೆ ನಡೆದು ಕೀ ಒಪ್ಪಿಸಿದ. ಜೊತೆಗೆ ನಾನಿದ್ದೆ. ಆ ಮೆಟ್ಟಿಲನ್ನು ಅವನು ತಲೆ ಎತ್ತಿಕೊಂಡು ಹತ್ತಿದ್ದನ್ನು ನೀನು ನೋಡಬೇಕಿತ್ತು.

ಮಾರನೆಯ ದಿನ ಫ್ಯಾಕ್ಟರಿ ಬಸ್ಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದೆ, ನನ್ನ ತಮ್ಮ ಹೀಗೆ ಮಾಡಿದ ಅಂತ. ಇಷ್ಟು ದಿನ ಅವನ ಹೆಸರು ಬಂದರೆ ಕಿಟಕಿ ಕಡೆ ತಿರುಗುತ್ತಿದ್ದೆ.

ಎದೆಯುಬ್ಬಿಸಿಕೊಂಡು ಬರೆದ,
ನಿನ್ನ ಮಗಳು
ಮಂಜುಶ್ರೀ

ಇನ್ನೊಂದು ಮಾತು: ಇದನ್ನು ಬರೆಯಬಾರದು ಅಂತಲೇ ಇದ್ದೆ. ಅವತ್ತು ಮಂಡ್ಯದಲ್ಲಿ ರಘುನಂದನ್ ನಿನ್ನ ಬಗ್ಗೆ ಕೆಟ್ಟ ಮಾತು ಆಡಿದ್ದನಂತೆ. ಗಗನ ಅದನ್ನು ಪೊಲೀಸರಿಗೂ ಹೇಳಿಲ್ಲ, ನನಗೂ ನಿನ್ನೆಯವರೆಗೆ ಹೇಳಿರಲಿಲ್ಲ. ಯಾಕೋ ಅಂದದ್ದಕ್ಕೆ, ಹೇಳಿದ್ದರೆ ಅವ್ವನ ಹೆಸರನ್ನೂ ಕೇಸಿನಲ್ಲಿ ಬರೆದುಕೊಳ್ಳುತ್ತಿದ್ದರು ಅಂದ.