ಅಪ್ಪನಿಗೆಂದು ಕೊಂಡ ವ್ಯಾನು

ಯಲಹಂಕ ಉಪನಗರ
೧೮ ಆಗಸ್ಟ್ ೨೦೨೪, ಭಾನುವಾರ

ಪ್ರೀತಿಯ ಮಹತಿ,

ನೀನೂ ಅಳಿಯಂದಿರೂ ಮಗುವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಫೋನಿನಲ್ಲಿ ಮಾತಾಡಿದರೆ ನಿಮ್ಮಪ್ಪನಿಗೆ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕಾಯಿಲೆ ಮನುಷ್ಯನನ್ನು ಇಟ್ಟುಕೊಂಡು ಯಾರೋ ಓಡಿಸಿಬಿಟ್ಟ ಹಳೇ ವ್ಯಾನು ಯಾಕೆ ಕೊಂಡಿರಿ ಎಂದು ಸಿಟ್ಟಾದೆಯಲ್ಲ, ನಡೆದದ್ದನ್ನು ಕೇಳು.

ಡಯಾಲಿಸಿಸ್ ಮುಗಿಸಿ ಬರುವಾಗ ಅವರಿಗೆ ಕೂರಲೂ ಆಗುವುದಿಲ್ಲ. ವ್ಹೀಲ್‌ಚೇರ್ ಕಂಡರೆ ಕ್ಯಾಬಿನವರು ಟ್ರಿಪ್ಪೇ ಕ್ಯಾನ್ಸಲ್ ಮಾಡುತ್ತಾರೆ. ಯುಗಾದಿ ಕಳೆದ ಮೇಲೆ ಒಂದು ದಿನ ದಾರಿಯಲ್ಲಿ ವಾಂತಿಯಾಯಿತು. ಡ್ರೈವರ್ ನನ್ನ ಕೈಲಿ ಸೀಟು ಒರೆಸಿಸಿ, ನಮ್ಮನ್ನು ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ಇಳಿಸಿ ಹೊರಟುಹೋದ. ಅಷ್ಟು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವರು, ಯಾರಾದರೂ ಹಳೆಯ ವಿದ್ಯಾರ್ಥಿ ನೋಡಿಬಿಟ್ಟರೆ ಎಂದು ಮುಖಕ್ಕೆ ಟವೆಲ್ ಹಾಕಿಕೊಂಡು ಫುಟ್‌ಪಾತಿನ ಅಂಚಿನಲ್ಲಿ ಕೂತಿದ್ದರು.

ಎದುರುಮನೆ ಗೋಪಾಲಮ್ಮನ ಮಗ ಮಹೇಂದ್ರ ನಮ್ಮನ್ನು ಗೊರಗುಂಟೆಪಾಳ್ಯದಲ್ಲಿ ಹಳೇ ಗಾಡಿ ಮಾರುವ ಯಾರ್ಡಿಗೆ ಕರೆದುಕೊಂಡು ಹೋದ. ಏರ್‌ಪೋರ್ಟಿಗೆ ಜನರನ್ನೂ ಅವರ ಲಗೇಜನ್ನೂ ಹೊತ್ತು ಸವೆದ ಬಿಳಿ ವ್ಯಾನು ಅದು. ಸೂಟ್‌ಕೇಸ್ ಇಡುವ ಜಾಗದಲ್ಲಿ ವ್ಹೀಲ್‌ಚೇರ್ ಮಡಚದೆಯೇ ಹಿಡಿಯಿತು. ಮಹೇಂದ್ರ ಇಂಜಿನ್ ಶಬ್ದ ಆಲಿಸುತ್ತಿದ್ದರೆ ನಿಮ್ಮಪ್ಪ ನಡುವಿನ ಸೀಟಿನಲ್ಲಿ ಕಾಲು ಮಡಚಿ ಮಲಗಿಯೇಬಿಟ್ಟರು. ಯಾರ್ಡಿನವನು ನಕ್ಕ.

"ನಗ್ಬೇಡಪ್ಪಾ," ಎಂದರು ಅವರು, ಮಲಗಿದ್ದಲ್ಲಿಂದಲೇ. "ನಾನು ಇದ್ರಲ್ಲಿ ಹೀಗೇ ಬರೋದು."

ಅವತ್ತೇ ಕೊಂಡೆವು. ಮಹೇಂದ್ರನೇ ಓಡಿಸುತ್ತಾನೆ.

ಪುಟ್ಟೇನಹಳ್ಳಿಯ ದ್ರೌಪದಮ್ಮನಿಗೂ ಅವೇ ದಿನಗಳಲ್ಲಿ ಡಯಾಲಿಸಿಸ್ ಇತ್ತು. ಪಾಪ, ಒಬ್ಬರೇ ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮ ಜೊತೆ ಬನ್ನಿ ಎಂದು ಕರೆದವರು ನಿಮ್ಮಪ್ಪನೇ. ದ್ರೌಪದಮ್ಮನ ಕೈಲಿ ಒಂದು ಕಂಬಳಿ, ಒಂದು ಚೀಲ. ಚೀಲದಲ್ಲಿ ನನಗೆಂದು ಸೊಪ್ಪು ತರುತ್ತಿದ್ದರು, ಪಥ್ಯವೆಂದು ಅವರು ಅದನ್ನು ತಿನ್ನುವ ಹಾಗಿರಲಿಲ್ಲ. ಡಾಕ್ಟರ ಕಣ್ಣು ತಪ್ಪಿಸಿ, ಅವರು ಹೇಳಿದ ಅಳತೆ ಮೀರಿ ಎಷ್ಟು ನೀರು ಕುಡಿದೆವೆಂದು ಇಬ್ಬರೂ ಹೇಳಿಕೊಂಡು ಮಕ್ಕಳ ಹಾಗೆ ನಗುತ್ತಿದ್ದರು.

ಕಳೆದ ಮಂಗಳವಾರ ವಾಪಸು ಬರುವಾಗ ಹೆಬ್ಬಾಳದ ಮೇಲ್ಸೇತುವೆ ಮೇಲೆ ಗಾಡಿಗಳು ನಿಂತುಬಿಟ್ಟಿದ್ದವು. "ಅಕ್ಕಾ, ಎದೆ ಯಾಕೋ ಇಂಗಾಯ್ತದೆ," ಎಂದು ದ್ರೌಪದಮ್ಮ ನನ್ನ ಕೈ ಹಿಡಿದರು. ಮಹೇಂದ್ರ ಇಳಿದು ಓಡಿ, ದಾರಿ ಬಿಡಿ ಎಂದು ಮುಂದಿನವರನ್ನು ಬೇಡಿಕೊಂಡ. ಸರಿಯಲು ಅವರಿಗಾದರೂ ಜಾಗವೆಲ್ಲಿತ್ತು? ಕೆಂಪಾಪುರದ ಕಡೆ ಇಳಿಯುವ ಹೊತ್ತಿಗೆ ಆ ಕೈ ಸಡಿಲವಾಗಿತ್ತು. ಹತ್ತಿರದ ಆಸ್ಪತ್ರೆಯವರು ವ್ಯಾನಿನೊಳಗೇ ನೋಡಿ ತಲೆಯಾಡಿಸಿದರು. ಆಕೆಯ ಮಗ ಬರುವವರೆಗೆ ನಿಮ್ಮಪ್ಪ ಕಂಬಳಿ ಸರಿಪಡಿಸುತ್ತಾ ಪಕ್ಕದಲ್ಲೇ ಕೂತಿದ್ದರು.

ಗುರುವಾರ ಅದೇ ವ್ಯಾನಿನಲ್ಲಿ ಮತ್ತೆ ಹೋದೆವು. ಹೋಗದೆ ವಿಧಿಯಿಲ್ಲವಲ್ಲ. ದ್ರೌಪದಮ್ಮ ಕೂರುತ್ತಿದ್ದ ಸೀಟಿನಲ್ಲಿ ನಾನೇ ಕೂತೆ.

ಇನ್ನು ನಿನ್ನ ವಿಷಯ. ಕಿಡ್ನಿ ಕೊಡುತ್ತೇನೆಂದು ನೀನಾಗಿ ಮುಂದೆ ಬಂದೆ, ಪರೀಕ್ಷೆಯಲ್ಲಿ ಹೊಂದುತ್ತದೆಂದೂ ಬಂತು. ಆದರೆ ನಿಮ್ಮಪ್ಪನಿಗೆ ಅದು ಬೇಡ. ಮಗಳ ಮೈ ಕೊಯ್ಯಿಸಿ ನಾನು ಬದುಕಲಾರೆ ಎನ್ನುತ್ತಾರೆ. ಮಾತೆತ್ತಿದರೆ ಊಟ ಬಿಟ್ಟು ಏಳುತ್ತಾರೆ. ಆದ್ದರಿಂದ ಅವರ ಹತ್ತಿರ ಈ ಮಾತು ಆಡಲೇಬೇಡ, ರಜೆ ಹಾಕಿ ಬರಲೂ ಬೇಡ. ನಿನ್ನ ಕೂಸಿಗೆ ಇನ್ನೂ ಎರಡು ತುಂಬಿಲ್ಲ. ವ್ಯಾನಿದೆ, ನಾನಿದ್ದೇನೆ, ಹೇಗೋ ನಡೆಯುತ್ತದೆ.

ಮಗುವಿಗೆ ನನ್ನ ಮುತ್ತು.

ನಿನ್ನ ಅಮ್ಮ,
ಗೋದಾ

ಮತ್ತೆ: ಲಕೋಟೆ ಅಂಟಿಸಿದ್ದೆ, ಹರಿದು ತೆಗೆದು ಇದನ್ನು ಸೇರಿಸುತ್ತಿದ್ದೇನೆ. ಬೇಡ ಎಂದವರು ಅವರಲ್ಲ, ನಾನು. ನಿನ್ನ ಕಿಡ್ನಿ ಹೊಂದಲಿಲ್ಲವೆಂದು ಅವರಿಗೆ ಸುಳ್ಳು ಹೇಳಿದ್ದೇನೆ. ಇಬ್ಬರೂ ಒಂದೇ ದಿನ ಆಪರೇಷನ್ ಕೋಣೆಯೊಳಗೆ ಹೋದರೆ ಹೊರಗೆ ಕೂತಿರುವ ಶಕ್ತಿ ನನಗಿಲ್ಲ. ನಿನ್ನನ್ನಾದರೂ ಉಳಿಸಿಕೊಳ್ಳೋಣ ಎನಿಸಿತು. ದ್ರೌಪದಮ್ಮ ಹೋದ ಮರುದಿನ ಬೆಳಿಗ್ಗೆ ನಿಮ್ಮಪ್ಪ ಕೇಳಿದರು: "ಮಹತೀಗೆ ಇನ್ನೊಂದ್ಸಲ ಟೆಸ್ಟ್ ಮಾಡಿಸೋಕಾಗಲ್ವಾ ಗೋದಾ? ನಂಗೆ ಭಯ ಆಗ್ತಿದೆ ಕಣೇ." ಆಗಲ್ಲ ಎಂದೆ. ಆಮೇಲೆ ಅವರು ಕೇಳಿಲ್ಲ.